ಮನೆಗೊಂದು ಟ್ಯಾಬ್ಲೆಟ್

ನನ್ನ ಗಂಡ ಕೊರ್ಡೆಲ್‌ನನ್ನು ಮಣ್ಣು ಮಾಡಿದ್ದು ಶನಿವಾರ. ಸೋಮವಾರ ಬೆಳಿಗ್ಗೆ ಅವನ ತಾಯಿ ಅರ್ಲೀನ್ ಎಂದಿನಂತೆ ಹಿತ್ತಲಿನ ಟ್ರೇಲರ್ ಮನೆಯಿಂದ ನನ್ನ ಅಡುಗೆಮನೆಗೆ ಬಂದು, ಚರ್ಚಿನ ಹೆಂಗಸರು ತಂದಿದ್ದ ಕೇಕನ್ನೇ ತಿಂಡಿಗೆ ಕೊಯ್ದುಕೊಂಡರು. ಆ ಹೆಂಗಸರ ಪಾತ್ರೆಗಳನ್ನು ತೊಳೆದು ಸಾಲಾಗಿಟ್ಟಿದ್ದೆ. ಪ್ರತಿಯೊಂದರ ತಳಕ್ಕೂ ಒಡತಿಯ ಹೆಸರಿನ ಚೀಟಿ. ಯಾವುದು ಯಾವ ಮನೆಯದೆಂದು ಪಾತ್ರೆಗಳಿಗೆ ಗೊತ್ತಿತ್ತು.

ನಾನು ಯಾವ ಮನೆಯವಳೆಂದು ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ಶ್ರೀವ್‌ಪೋರ್ಟ್‌ನಲ್ಲಿರುವ ಅಕ್ಕ, ಕೋಣೆ ಖಾಲಿ ಇದೆ, ಬಾ ಎಂದಿದ್ದಳು. ಮಗನಿಲ್ಲದ ಮೇಲೆ ನಾನು ಅರ್ಲೀನ್‌ಗೆ ಏನಾಗಬೇಕು ಎಂದು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಪಕ್ಕದ ಮನೆಯ ಡೀಕನ್ ಪರ್ವಿಸ್ ಹ್ಯಾಟನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ಚರ್ಚಿನ ಹಿರಿಯರು.

"ಹೇಗಿದೀರಾ ನೋಡ್ಕೊಂಡು ಹೋಗೋಣ ಅಂತ ಬಂದೆ, ಅರ್ಲೀನ್."

"ನಿನ್ನೆ ಎರಡು ಸಲ ನೋಡಿದ್ಯಲ್ಲ, ಪರ್ವಿಸ್."

ಡೀಕನ್‌ರ ಕಣ್ಣು ಕುರ್ಚಿಯ ಮೇಲಿನ ಟವೆಲಿನ ಮೇಲೆ. ಅದರ ಕೆಳಗಿದ್ದದ್ದು ಅವರ ಟ್ಯಾಬ್ಲೆಟ್. ಮಂಡಿನೋವಿನ ತಾಯಿ ಭಾನುವಾರದ ಪ್ರಾರ್ಥನೆಯನ್ನು ಮನೆಯಲ್ಲೇ ನೋಡಲಿ ಎಂದು ಕೊರ್ಡೆಲ್ ಎರವಲು ತಂದಿದ್ದ. ಅರ್ಲೀನ್ ಈಗ ಅದರಲ್ಲಿ ಮಿಠಾಯಿ ಒಡೆಯುವ ಆಟದ ಇನ್ನೂರ ಹನ್ನೆರಡನೆಯ ಹಂತದಲ್ಲಿದ್ದರು.

"ಅದೇ... ನನ್ನ ಟ್ಯಾಬ್ಲೆಟ್ಟು."

"ಯಾವುದು? ಬಿಪಿದಾ, ಶುಗರ್‌ದಾ?"

"ಕೊರ್ಡೆಲ್ ತಗೊಂಡು ಬಂದಿದ್ದು."

"ಸತ್ತೋನ ಮೇಲೆ ಚಾಡಿ ಹೇಳ್ತೀಯಾ? ದೇವರ ಸೇವಕ ನೀನು."

ಡೀಕನ್ ಕೆಮ್ಮಿದರು. "ಡಾಲರ್ ಅಂಗಡಿ ಮುಂದೆ ಡೇರೆ ಹಾಕಿದಾರೆ. ಮೆಡಿಕೇಡ್ ಕಾರ್ಡ್ ತೋರಿಸಿದ್ರೆ ಟ್ಯಾಬ್ಲೆಟ್ ಪುಕ್ಕಟೆ. ನಿಮ್ಮಿಬ್ಬರಿಗೂ ಕಾರ್ಡ್ ಇದೆಯಲ್ಲ. ನಡೀರಿ, ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ."

ನನ್ನ ಬಳಿ ವಿಶ್ವವಿದ್ಯಾಲಯದ ಪದವಿ ಇತ್ತು. ಬಡವರ ಆಸ್ಪತ್ರೆ ಖರ್ಚಿಗೆ ಲೂಸಿಯಾನಾ ಸರ್ಕಾರ ಕೊಡುವ ಆ ಕಾರ್ಡೂ ಇತ್ತು.

ಡೇರೆಯ ಹೆಂಗಸಿಗೆ ಚಮಚದಷ್ಟು ಉದ್ದದ ನೇರಳೆ ಉಗುರುಗಳು. ಎರಡೂ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟಳು.

"ವಿಳಾಸ ಒಂದೇ ಇದೆ. ಮನೆಗೊಂದೇ ಟ್ಯಾಬ್ಲೆಟ್ ಕೊಡೋದು. ಆದ್ರೆ ಒಂದೇ ವಿಳಾಸದಲ್ಲಿ ಎರಡು ಮನೆ ಇರಬಹುದು. ಅಜ್ಜಿ, ನೀವು ಟ್ರೇಲರಲ್ಲಿ ಇರೋದಾ? ಅಡುಗೆ, ಖರ್ಚು ಬೇರೆ ಬೇರೆ ಆದ್ರೆ ಇಬ್ಬರಿಗೂ ಒಂದೊಂದು ಸಿಗುತ್ತೆ. ನಿಜ ಏನೋ ಅದಕ್ಕೆ ಗುರುತು ಹಾಕಿ."

ಕಾಗದದಲ್ಲಿ ಎರಡು ಚೌಕಗಳಿದ್ದವು. 'ಒಟ್ಟಿಗೆ', 'ಬೇರೆ'. ಬೇರೆ ಎಂದರೆ ನನ್ನ ಪಾಲಿನದನ್ನು ಎತ್ತಿಕೊಂಡು ಅಕ್ಕನ ಮನೆಗೆ ಹೋಗಬಹುದಿತ್ತು. ನಾನು ಪೆನ್ನನ್ನು ಅರ್ಲೀನ್‌ಗೆ ಕೊಟ್ಟೆ.

ಅವರು ಬಹಳ ಹೊತ್ತು ಓದಿದರು.

"ಟ್ರೇಲರಲ್ಲಿ ಒಲೆ ಇದೆಯಾ, ಅಜ್ಜಿ?"

"ಇದೆ. ಅದರ ಓವನ್ನೊಳಗೆ ಬಾಣಲೆ ತುಂಬಿಟ್ಟಿದೀನಿ."

"ಮತ್ತೆ ಅಡುಗೆ?"

"ಇವಳು ಮಾಡ್ತಾಳೆ. ಉಪ್ಪು ಕಮ್ಮಿ. ಏನ್ ಮಾಡೋದು, ತಿಂತೀನಿ."

"ಹಾಗಾದ್ರೆ ಒಂದೇ ಬರೋದು."

"ಒಂದು ಮನೆಗೆ ಇನ್ನೆಷ್ಟು ಬೇಕಮ್ಮಾ?" ಎಂದ ಅರ್ಲೀನ್ 'ಒಟ್ಟಿಗೆ' ಎಂಬಲ್ಲಿ ಕಾಗದ ತೂತಾಗುವಷ್ಟು ಒತ್ತಿ ಗುರುತು ಹಾಕಿದರು.

ಕಾರಿನಲ್ಲಿ ಹೊಸ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯತ್ತ ನೋಡುತ್ತಾ ಹೇಳಿದರು: "ನಿಮ್ಮಕ್ಕನ ಹತ್ರ ಹೋಗ್ಬೇಕಂದ್ರೆ ಹೋಗು. ಇದು ಮಾತ್ರ ಮನೆ ಬಿಟ್ಟು ಹೋಗಲ್ಲ."

"ಇವತ್ತಿಂದ ಉಪ್ಪು ಸರಿಯಾಗಿ ಹಾಕ್ತೀನಿ," ಎಂದೆ.

"ನೋಡೋಣ."

ಡೀಕನ್ ಕಾರನ್ನು ನಮ್ಮ ಬೀದಿಗೆ ತಿರುಗಿಸಿದರು.

ಸಂಜೆ ಹಳೆಯ ಟ್ಯಾಬ್ಲೆಟ್ಟಿಗೆ ಅಂಟಿದ್ದ ಕೇಕನ್ನು ಒರೆಸಿ, ಚಾರ್ಜರಿನ ವೈರು ಸುತ್ತಿ, ಪಕ್ಕದ ಮನೆಗೆ ಒಯ್ದೆ. ಡೀಕನ್ ಮೆಟ್ಟಿಲ ಮೇಲೆಯೇ ಅದನ್ನು ಹಚ್ಚಿ ನೋಡಿದರು. ಪರದೆಯ ತುಂಬ ಕೊರ್ಡೆಲ್ ತೆಗೆದ ಫೋಟೋ: ಬಾಯಿ ತುಂಬ ಮೆಕ್ಕೆಜೋಳ ತುಂಬಿಕೊಂಡು ಮಗನಿಗೆ ಗದರುತ್ತಿರುವ ಅರ್ಲೀನ್.

"ಇದನ್ನ ತೆಗೆಯೋದು ಹೇಗೆ?"

"ತೆಗೀಬೇಕಾ?"

ಅವರು ಪರದೆಯನ್ನು ಅಂಗಿಯ ತೋಳಿನಿಂದ ಒರೆಸಿದರು. "ಬೇಡ, ಇರಲಿ. ಅವಳಿಗೆ ಮಾತ್ರ ಹೇಳ್ಬೇಡ." ಮತ್ತೆ ಮೆಲ್ಲಗೆ ಹೇಳಿದರು: "ಒಂದು ವಾರಕ್ಕೆ ಅಂತ ತಗೊಂಡಿದ್ದ."

"ತಡ ಆಯ್ತು, ಡೀಕನ್," ಎಂದು ವೈರನ್ನೂ ಅವರ ಕೈಗಿಟ್ಟೆ.