ಕಿವಿ ಮುಂದಿನ ಗಂಟು

ನಿಶಾಂತ ತುಳಸಿ ನೀರಿನ ಉದ್ಧರಣೆ ಎತ್ತಿದ್ದೇ ತಡ, ಸತ್ತವನ ತಮ್ಮ ಸುಬ್ಬರಾಯ ಅವನ ಮುಂಗೈ ಹಿಡಿದ.

"ನೀ ಬಿಡಬ್ಯಾಡ. ಸಾದಾ ಗಂಟು ಅಂತ ಹೇಳಿ ಅಣ್ಣನ್ನ ಕೊಂದಾಂವ ನೀನ."

ಹಿಮಾಯತ್‌ನಗರದ ಆ ಹಳೇ ಮನೆಯಲ್ಲಿ ಅಳು ತಟ್ಟನೆ ನಿಂತಿತು. ಚಾಪೆಯ ಮೇಲೆ ಮಲ್ಲಿಕಾರ್ಜುನ. ಗುಮಾಸ್ತಿಕೆಯಲ್ಲಿ ಸವೆದರೂ ಸಾಹೇಬರ ದನಿಗಳನ್ನೆಲ್ಲ ಥೇಟ್ ತೆಗೆದು ಕಚೇರಿಯನ್ನು ನಗಿಸಿದ ಬಾಯಿ ಈಗ ಎಡಕ್ಕೆ ಜೋತಿತ್ತು. ಮಕ್ಕಳಿಲ್ಲದ ಈ ಕಾಕಾನಿಗೆ ಕೊನೆಯ ನೀರು ಬಿಡಬೇಕಾದವನು ಅಣ್ಣನ ಮಗ ನಿಶಾಂತ. ಗಂಟಿನ ಚೂರು ಪರೀಕ್ಷಿಸಿದ ಡಾಕ್ಟರೂ ಅವನೇ.

ಸುಬ್ಬರಾಯ ಹೇಳುತ್ತ ಹೋದ. ಸಾದಾ ಗಂಟೆಂದು ನಿಶಾಂತನೇ ಕಾಕಾನ ಹೆಂಡತಿ ಗೋದಾಬಾಯಿಗೆ ಫೋನು ಮಾಡಿದ್ದನಂತೆ. ಕಾಕಾ ಬದುಕಿರುವತನಕ ಆ ಮಾತು ಎತ್ತಗೊಟ್ಟಿರಲಿಲ್ಲವಂತೆ. ನಿಶಾಂತ ಆ ಫೋನು ಮಾಡಿಯೇ ಇರಲಿಲ್ಲ.

*

ಚೂರು ಪರೀಕ್ಷಿಸಿದ ದಿನ ನಿಶಾಂತನ ಲ್ಯಾಬಿನಲ್ಲಿ ಕಾಕಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದ. "ಜರಡಿ ಇದ್ದಂಗ ತೂತ ತೂತ ಅದಲ್ಲೋ."

ಜೊಲ್ಲುಗ್ರಂಥಿಯ ಗಂಟಿನಲ್ಲಿ ಹಲವು ಬಗೆ ಎಂದು ನಿಶಾಂತ ಬಿಡಿಸಿ ಹೇಳಿದ. ಸೂಜಿಯಲ್ಲಿ ಎಳೆದಾಗ ಇದು ನಿರಪಾಯದ ಗಂಟಿನಂತೆಯೇ ಕಂಡಿತ್ತು. ದೊಡ್ಡ ಚೂರು ತೆಗೆದ ಮೇಲೆ ಜರಡಿ ಕಾಣಿಸಿತು. ಇದು ಕ್ಯಾನ್ಸರ್, ನರದ ಜಾಡು ಹಿಡಿದು ತೆವಳುವ ಜಾತಿ. ಬೇಗ ಕೊಯ್ಯಬೇಕು, ಮುಖದ ನರವೂ ಹೋಗಿ ಬಾಯಿ ಜೋತುಬೀಳಬಹುದು.

"ಅಂದ್ರ ಗಂಟೂ ಮಿಮಿಕ್ರಿ ಮಾಡ್ತದ." ಕಾಕಾ ನಕ್ಕ. ಆಮೇಲೆ ನಿಶಾಂತನದೇ ದನಿಯಲ್ಲಿ, ಅವನದೇ ಸಣ್ಣ ಕೆಮ್ಮು ಕೆಮ್ಮಿ, "ನರ ಹೋದ್ರ ನಾ ಯಾರ ದನಿ ತೆಗೀಲಿ, ಡಾಕ್ಟ್ರ?" ಎಂದ.

ಮನೆಯಲ್ಲಿ ತಾನೇ ಹೇಳುತ್ತೇನೆಂದು ಎದ್ದುಹೋದ. ಮುಂದೆ, ಕೊಯ್ಯಿಸಿಕೊಳ್ಳುವುದು ಯಾವಾಗೆಂದು ನಿಶಾಂತ ಎಷ್ಟು ಸಲ ಕೇಳಿದರೂ ಯಾರದಾದರೂ ದನಿ ತೆಗೆದು, ನಗಿಸಿ, ಜಾರಿಕೊಂಡ.

*

ಕಾಕಾ ಮನೆಯಲ್ಲಿ ಹೇಳಿದ್ದು ಯಾರ ದನಿಯಲ್ಲೆಂದು ನಿಶಾಂತನಿಗೆ ಈಗ ತಿಳಿಯಿತು. ತಾನು ಬಾಯಿ ಬಿಟ್ಟರೆ ಹೆಂಡತಿಯೆದುರೇ ಸತ್ತ ಕಾಕಾ ಸುಳ್ಳುಗಾರನಾಗುತ್ತಾನೆ.

ಗೋದಾಬಾಯಿ ತಲೆಯೆತ್ತಿದಳು. "ಖರೇ ಹೇಳು. ಆ ಫೋನು ಮಾಡಿದಾಂವ ನೀನೇನು?"

ನಿಶಾಂತ ಕೆಮ್ಮಿದ. "ಹೌದ್ರಿ ಕಾಕು. ನಾನ."

ಸುಬ್ಬರಾಯ ಉದ್ಧರಣೆ ಕಸಿದುಕೊಂಡ. ಗೋದಾಬಾಯಿ ಅದನ್ನು ಮೈದುನನ ಕೈಯಿಂದ ಬಿಡಿಸಿ, ನಿಶಾಂತನ ಕೈಗಿಟ್ಟು, ಅವನಿಗಷ್ಟೇ ಕೇಳುವಂತೆ ಬಗ್ಗಿದಳು.

"ಆವತ್ತ ನಮ್ಮ ಕುಕ್ಕರ್ ಸೀಟಿ ಹೊಡೀತು. ಫೋನಿನ್ಯಾಗೂ ಅದ ಸೀಟಿ ಕೇಳಿಸ್ತು. ಇವರು ಮಾಳಿಗಿ ಮ್ಯಾಲ ನಿಂತಿದ್ರು. ಗೊತ್ತಾದ್ರೂ ನಾ ಹೂಂ ಅಂದೆ."

ನಿಶಾಂತ ನೀರು ಬಿಟ್ಟ. ಅದು ಜೋತ ತುಟಿಯಂಚಿನಿಂದ ಹೊರಗೆ ಹರಿಯಿತು. ಗೋದಾಬಾಯಿ ಹೆಬ್ಬೆರಳಿನಿಂದ ಆ ಅಂಚನ್ನು ಮೇಲೆತ್ತಿ, ನಗೆಯಷ್ಟೆತ್ತರಕ್ಕೆ ಹಿಡಿದುಕೊಂಡಳು.

"ಈಗ ಬಿಡು."