ಒಡತಿಯ ಹೆಬ್ಬೆಟ್ಟು

"ಒಂದೇ ಹೂಜೀನ ಇಬ್ಬರಿಗೆ ಹೇಗೆ ಮಾರಿದ್ಯೇ, ಮುಂಡೇದೇ?" ಎಂದು ಯಜಮಾನ ಹರಿಹಾಯ್ದ.

ಮಾರಿದ್ದು ತಿಗರಿಯಕ್ಕನಲ್ಲ. ಅವಳು ಗಲ್ಲಾಪೆಟ್ಟಿಗೆಯ ಕಡೆ ತಲೆಹಾಕಿಯೂ ಮಲಗಿದವಳಲ್ಲ. ಕರೆಂಟಿನ ತಿಗರಿಚಕ್ರದ ಮುಂದೆ ಕೂತು ಮಣ್ಣನ್ನು ಪಾತ್ರೆ ಮಾಡುವುದಷ್ಟೇ ಅವಳ ಕೆಲಸ. ನೀಲಿ ಹೂಜಿಯನ್ನು ಮುಂದಿನ ಅಂಗಡಿಯ ಕಪಾಟಿನಲ್ಲಿ ಇಟ್ಟವನು ಯಜಮಾನ. ಅದರ ಫೋಟೊ ತೆಗೆದು ಆನ್‌ಲೈನಿಗೆ ಹಾಕಿದವಳು ಅವನ ಸೊಸೆ. ಕೆಲಸದವರು ಬೆನ್ನ ಹಿಂದೆ ಅವಳನ್ನು ಫೋನಮ್ಮ ಅನ್ನುತ್ತಿದ್ದರು. ಬೆಳಿಗ್ಗೆ ಅಂಗಡಿಗೆ ಬಂದ ಒಬ್ಬಾಕೆ ಹೂಜಿಯನ್ನು ಎತ್ತಿಕೊಂಡು ಹೋಗಿದ್ದಳು. ಮಧ್ಯಾಹ್ನ ದೂರದ ಯಾರೋ ಅದೇ ಹೂಜಿಗೆ ಫೋನಿನಲ್ಲಿ ದುಡ್ಡು ಕಟ್ಟಿದ್ದರು. ಮಾವ ಸೊಸೆಗೆ ಹೇಳಿರಲಿಲ್ಲ, ಸೊಸೆ ಮಾವನನ್ನು ಕೇಳಿರಲಿಲ್ಲ. ದೊಡ್ಡ ಮನೆತನ, ಅಷ್ಟು ಸುಲಭವಾಗಿ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಹಾಗಾಗಿ ತಪ್ಪು ಹಿತ್ತಲ ಬಾಗಿಲಿನಿಂದ ಬಂದು ತಿಗರಿಯಕ್ಕನ ತಲೆಯ ಮೇಲೆ ಕೂತಿತು.

"ಭಾನುವಾರ ಅಂಗಡೀಲಿ ಲೈವ್ ಇಟ್ಕೊಂಡಿದ್ದೀವಿ. ಎಲ್ಲರ ಮುಂದೆ ಅದೇ ಹೂಜಿ ಇನ್ನೊಂದು ಮಾಡು. ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದು," ಅಂದ ಯಜಮಾನ.

"ಕೈಯಲ್ಲಿ ಮಾಡೋದಲ್ವಾ ಯಜಮಾನ್ರೇ, ಅಚ್ಚೊತ್ತಿದ ಹಾಗೆ ಬರಲ್ಲ."

"ಬಾಯಿ ಮುಚ್ಕೊಂಡು ಮಾಡು. ಅದಿರ್ಲಿ, ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದೆ? ಮಷಿನ್ನಲ್ಲಿ ಗೈರುಹಾಜರಿ ಅಂತಿದೆ."

"ಇಲ್ಲೇ ಇದ್ದೆ. ನೀವೇ ಎರಡು ಸಲ ಬಂದು ಬೈದು ಹೋದ್ರಿ."

"ಮಷಿನ್ ಸುಳ್ಳು ಹೇಳುತ್ತೇನೇ? ಇನ್ನೊಂದು ದಿನ ಗೈರಾದ್ರೆ ಶೆಡ್ ಖಾಲಿ ಮಾಡು. ನಿನ್ನ ತಂಗಿ ಬೇರೆ ಎಲ್ಲಾದ್ರೂ ಬಿದ್ಕೊಂಡು ಕೆಮ್ಲಿ."

ಶೆಡ್ ಅಂದರೆ ಆವಿಗೆಯ ಹಿಂದಿನ ತಗಡಿನ ಗೂಡು. ಪಾತ್ರೆ ಸುಡುವ ಕಾವು ಗೋಡೆಗೆ ತಾಗಿ ಅಲ್ಲಿ ಸದಾ ಬೆಚ್ಚಗಿರುತ್ತಿತ್ತು. ಒಣಮಣ್ಣು ಜರಡಿ ಹಿಡಿದು ಹಿಡಿದು ಎದೆ ಕೆಡಿಸಿಕೊಂಡ ತಂಗಿ ಆ ಬೆಚ್ಚಗಿನ ಮೂಲೆಯಲ್ಲಿ ಹೇಗೋ ಉಸಿರಾಡಿಕೊಂಡಿದ್ದಳು.

ಹಾಜರಿಯ ಮಷಿನ್ನು ಹಿತ್ತಲ ಬಾಗಿಲಲ್ಲಿತ್ತು. ಅದನ್ನು ತಂದ ದಿನ ಮೊದಲ ಹೆಬ್ಬೆಟ್ಟು ಒತ್ತಿದವಳು ಫೋನಮ್ಮ. "ಸುಸ್ವಾಗತ, ಮೇಡಂ," ಅಂದಿತ್ತು ಅದು. ಕೆಲಸದವರು ಒತ್ತಿದರೆ ಬರೀ "ಹಾಜರಿ ಆಯಿತು." ತಿಗರಿಯಕ್ಕ ಒತ್ತಿದರೆ ಅದೂ ಇಲ್ಲ. ಹುಟ್ಟಿದಾಗ ಅವಳಿಗೂ ಬೆರಳಲ್ಲಿ ಗೆರೆಗಳಿದ್ದವು. ಮರಳು ಬೆರೆತ ಮಣ್ಣು ಇಷ್ಟು ವರ್ಷ ಅವನ್ನು ತಿಕ್ಕಿ ತಿಕ್ಕಿ ಅಳಿಸಿತ್ತು. "ಗುರುತು ಸಿಗಲಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ," ಅನ್ನುತ್ತಿತ್ತು ಮಷಿನ್ನು. ಆ ಜಾಗದಲ್ಲಿ ಅವಳಿಗೆ ದಯವಿಟ್ಟು ಅನ್ನುತ್ತಿದ್ದುದು ಅದೊಂದೇ.

ಗೆರೆ ಇಲ್ಲದ ಬೆರಳು ವ್ಯಾಪಾರಕ್ಕೂ ಅಡ್ಡಬಂತು. ಆನ್‌ಲೈನಿನವರಿಗೆ ಪ್ರತಿ ಪಾತ್ರೆಯ ಮೇಲೂ ಕುಂಬಾರಳ ಹೆಬ್ಬೆಟ್ಟಿನ ಗುರುತು ಬೇಕಿತ್ತು. ತಿಗರಿಯಕ್ಕ ಒತ್ತಿದಲ್ಲಿ ನುಣ್ಣನೆಯ ಕುಳಿ ಮಾತ್ರ ಬೀಳುತ್ತಿತ್ತು. ಇದು ಕೈಯಲ್ಲಿ ಮಾಡಿದ್ದಲ್ಲ, ಮೋಸ ಅಂತ ಒಬ್ಬರು ಪಾರ್ಸೆಲ್ ವಾಪಸ್ ಕಳಿಸಿದರು. ಆಗ ಫೋನಮ್ಮ ತನ್ನ ಹೆಬ್ಬೆಟ್ಟಿನದೇ ಅಚ್ಚು ತೆಗೆಸಿ, ರಬ್ಬರಿನದೊಂದು ಹೆಬ್ಬೆಟ್ಟು ಮಾಡಿಸಿ ತಂದಳು.

"ಇದನ್ನ ಒತ್ತು. ನೀಟಾಗಿ ಬರುತ್ತೆ."

"ನಿಮ್ಮ ಬೆರಳಾ ಅಮ್ಮಾ?"

"ಹೂಂ, ಯಾರದಾದ್ರೆ ಏನೀಗ?"

ಅಂದಿನಿಂದ, ಮಣ್ಣಿನ ಹುಡಿ ಹಾರಿದರೆ ಮೂಗಿಗೆ ಕರವಸ್ತ್ರ ಹಿಡಿಯುವ ಫೋನಮ್ಮನ ಹೆಬ್ಬೆಟ್ಟು ಊರೂರಿಗೆ ಪಾರ್ಸೆಲ್ ಆಗತೊಡಗಿತು. ಜೊತೆಗೊಂದು ಚೀಟಿ: "ನಿಮಗಾಗಿ ಮಣ್ಣು ಕಲಸಿದ ಕೈಯ ಗುರುತು."

ಭಾನುವಾರ ಬೆಳಿಗ್ಗೆಯೂ ಮಷಿನ್ನು ತಿಗರಿಯಕ್ಕನನ್ನು ಒಪ್ಪಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು, ಉಗುಳು ಹಚ್ಚಿ ಒತ್ತಿದಳು. ದಯವಿಟ್ಟು, ದಯವಿಟ್ಟು ಅಂದಿತೇ ಹೊರತು ಹಾಜರಿ ಅನ್ನಲಿಲ್ಲ. ಶೆಡ್ಡಿನೊಳಗಿಂದ ತಂಗಿಯ ಕೆಮ್ಮು ಕೇಳುತ್ತಿತ್ತು.

ಅಂಗಡಿಯಲ್ಲಿ ಕುರ್ಚಿಗಳ ತುಂಬ ಜನ. ಫೋನಮ್ಮ ಫೋನು ಹಿಡಿದು ನಿಂತಿದ್ದಳು. ಯಜಮಾನ ಬಂದವರಿಗೆಲ್ಲ ಹಲ್ಲು ಕಿರಿಯುತ್ತ, ನಡುವೆ ತಿಗರಿಯಕ್ಕನ ಕಿವಿಯ ಹತ್ತಿರ ಬಾಗಿ, "ಇವತ್ತೂ ಗೈರು ತಾನೇ? ಇದು ಮುಗಿಸಿ ಗಂಟುಮೂಟೆ ಕಟ್ಟು. ಈಗ ನಗು," ಅಂದ.

ಅವಳು ನಗಲಿಲ್ಲ. ಹೂಜಿಯನ್ನೂ ಕೆಡಿಸಲಿಲ್ಲ. ಮಣ್ಣು ಅವಳ ಮಾತು ಕೇಳಿ ಎದ್ದು ನಿಂತಿತು, ಹೊಟ್ಟೆ ತುಂಬಿಕೊಂಡಿತು, ಕತ್ತು ಸಣ್ಣಗಾಯಿತು. ಜನ ಚಪ್ಪಾಳೆ ತಟ್ಟಿದರು.

ಮೊದಲ ಹೂಜಿ ಕೊಂಡಿದ್ದಾಕೆಯೂ ಬಂದಿದ್ದಳು. "ಹೆಬ್ಬೆಟ್ಟಿನ ಗುರುತು ಒತ್ತಮ್ಮ, ನೋಡೋಣ," ಅಂದಳು.

ತಿಗರಿಯಕ್ಕ ಒತ್ತಿದಳು. ನುಣ್ಣನೆಯ ಕುಳಿ.

"ಗೆರೆಗಳೇ ಇಲ್ಲವಲ್ಲ? ನಮ್ಮನೇಲಿರೋದ್ರಲ್ಲಿ ಇವೆ."

ಫೋನಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. "ಅಕ್ಕ, ಅದು… ಬೇರೆ ಬೆರಳು ಒತ್ತಿ," ಅಂದಳು. ಅಕ್ಕ ಅಂದದ್ದು ಅದೇ ಮೊದಲು.

"ಬೇರೆ ಬೆರಳು ಇದೆಯಮ್ಮ," ಎಂದು ತಿಗರಿಯಕ್ಕ ಸೊಂಟದಿಂದ ರಬ್ಬರ್ ಹೆಬ್ಬೆಟ್ಟು ತೆಗೆದಳು. ಹಸಿಹೂಜಿಯ ಕತ್ತು ಹಿಚುಕಿ, ಮತ್ತೆ ಮಣ್ಣಿನ ಮುದ್ದೆ ಮಾಡಿ ತಿಗರಿಯ ಮೇಲೆ ಬಿಟ್ಟು, ಎದ್ದು ಹಿತ್ತಲ ಬಾಗಿಲಿಗೆ ನಡೆದಳು. ಇದೂ ಆಟದ ಭಾಗವೆಂದುಕೊಂಡು ಜನ ಹಿಂದೆಯೇ ಹೋದರು. ಅವರ ಜೊತೆಗೇ ಓಡಿದ ಫೋನಮ್ಮನಿಗೆ, ಎಷ್ಟೋ ಜನ ನೋಡುತ್ತಿದ್ದ ಫೋನನ್ನು ಆರಿಸುವುದೇ ಮರೆತುಹೋಯಿತು.

ತಿಗರಿಯಕ್ಕ ಮೊದಲು ತನ್ನ ಬೆರಳು ಒತ್ತಿದಳು.

"ಗುರುತು ಸಿಗಲಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ."

ಆಮೇಲೆ ರಬ್ಬರಿನದನ್ನು ಒತ್ತಿದಳು.

"ಸುಸ್ವಾಗತ, ಮೇಡಂ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆವಿಗೆ ನೋಡಿಕೊಳ್ಳುವ ಬೂದಿಮಾವ ಸೌದೆ ಕೆಳಗೆ ಹಾಕಿ, "ಇಲ್ಲಿ ಕೊಡು ತಾಯಿ, ನಾನೂ ಒಂದ್ಸಲ ಮೇಡಂ ಆಗಿಬಿಡ್ತೀನಿ," ಎಂದು ಕೈಚಾಚಿದ. ಅವನ ಹಿಂದೆ ಮಣ್ಣು ಹೊರುವವರು, ಬಣ್ಣ ಬಳಿಯುವವರು ಸಾಲು ನಿಂತರು. ಸುಸ್ವಾಗತ ಮೇಡಂ, ಸುಸ್ವಾಗತ ಮೇಡಂ ಎಂದು ಮಷಿನ್ನು ಎಲ್ಲರಿಗೂ ಅಂದಿತು.

"ನಿಲ್ಸಿ, ಹಲ್ಕಾ ನನ್ಮಕ್ಕಳಾ," ಎಂದು ಯಜಮಾನ ಮಷಿನ್ನಿನ ತಂತಿಗೆ ಕೈ ಹಾಕಿದ.

ತಿಗರಿಯಕ್ಕ ಅಂಗಡಿಯೊಳಗೆ ಹೋಗಿ, ತಾನು ಕೂರುವ ಮಣೆಯನ್ನು ಕಾಲಲ್ಲಿ, ಹಿಂದೆಯೇ ಬಂದ ಫೋನಮ್ಮನ ಕಡೆ ತಳ್ಳಿದಳು. ತಿಗರಿ ಇನ್ನೂ ತಿರುಗುತ್ತಿತ್ತು, ಮೇಲೆ ಮಣ್ಣಿನ ಮುದ್ದೆ.

"ನಾನಂತೂ ಗೈರು. ಇವತ್ತು ಹಾಜರಿರೋರು ನೀವೊಬ್ಬರೇ," ಅಂದಳು. "ಬನ್ನಿ ಅಮ್ಮ, ಕೂತ್ಕೊಳ್ಳಿ. ಹೂಜಿ ಒಂದು ಬಾಕಿ ಇದೆ."