ಬೆಲ್ ಆಗ್ಲಿ

"ಏಯ್, ಕೈ ಹಾಕಿ ಬಾಚಿ ತೆಗಿಯೇ! ಮೂಗು ಮುಚ್ಕೊಂಡ್ರೆ ಅದೇನು ನಾಚ್ಕೊಂಡು ತಾನೇ ಒಳಗೆ ಹೋಗತ್ತಾ?"

ಮೂಗು ಮುಚ್ಚಿಕೊಂಡಿದ್ದವನು ಮೇಸ್ತ್ರಿಯೇ. ಬಾಗಿಲಿಂದ ಮೂರು ಮಾರು ದೂರದಲ್ಲಿ, ಕರವಸ್ತ್ರ ಮುಖಕ್ಕೊತ್ತಿ ನಿಂತಿದ್ದ. ಹುಡುಗಿಯ ಎರಡೂ ಕೈ ಮೊಣಕೈವರೆಗೆ ಕಾಲೇಜಿನ ಪಾಯಿಖಾನೆಯ ಗುಂಡಿಯೊಳಗಿದ್ದವು.

"ಮೇಸ್ತ್ರಿ, ಇವತ್ತೊಂದಿನ ಬಿಟ್ಬಿಡಿ. ಸಭಾಂಗಣದಲ್ಲಿ ಹಾಜರಿ ಕೂಗೋ ಹೊತ್ತಾಯ್ತು. ಇದೂ ತಪ್ಪಿದ್ರೆ ಪರೀಕ್ಷೆಗೆ ಕೂರ್ಸಲ್ಲ ಅಂದಿದಾರೆ."

"ಕೂತು ಯಾವ ರಾಜ್ಯ ಆಳ್ಬೇಕು ನೀನು? ನಿಮ್ಮಮ್ಮ ಸೊಂಟ ಮುರ್ಕೊಂಡು ಬಿದ್ದಾಗ, ಅವಳ ಬದ್ಲಿ ನಾನ್ ಮಾಡ್ತೀನಿ, ಓದೋಕೆ ಬಿಡಿ ಅಂತ ಕಾಲಿಗೆ ಬಿದ್ದೋಳು ಯಾರು, ನಾನಾ? ಭಾಷಣಕ್ಕೆ ದೊಡ್ಡ ಮನುಷ್ಯರು ಬಂದವ್ರೆ. ಅವರ ಮೂಗಿಗೆ ವಾಸನೆ ಹೋಯ್ತೋ, ನಿನ್ನ ಪೊರಕೇಲೇ ನಿನ್ನ ಗುಡಿಸಿ ಹಾಕ್ತೀನಿ, ಬೋಳಿಮಗಳೇ."

ಪೊರಕೆ ಕೈಯಲ್ಲಿರುವ ತನಕ ಅವಳ ಶುಲ್ಕ ಮಾಫಿ. ಕೆಲಸದ ಹೊತ್ತು ಬೇರೆ, ಪಾಠದ ಹೊತ್ತು ಬೇರೆ ಎಂದು ಮೊದಲ ದಿನ ಹೇಳಿದ್ದರು. ಬರಬರುತ್ತಾ ಮೇಸ್ತ್ರಿಯ ಕೂಗಿಗೆ ಹೊತ್ತುಗೊತ್ತು ಇಲ್ಲದಾಯಿತು. ತರಗತಿ ಗುಡಿಸುವಾಗ ಸಿಕ್ಕ ಸೀಮೆಸುಣ್ಣದ ಚೂರುಗಳನ್ನು ಅವಳು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಪಾಯಿಖಾನೆಯ ನೆಲದ ಮೇಲೆ ರಸಾಯನಶಾಸ್ತ್ರದ ಸಮೀಕರಣ ಬರೆದು, ಬಾಯಿಗೆ ಬರುವ ತನಕ ಹೇಳಿಕೊಂಡು, ಆಮೇಲೆ ಅದರ ಮೇಲೇ ಆ್ಯಸಿಡ್ ಸುರಿದು ಉಜ್ಜುತ್ತಿದ್ದಳು. ಜೊತೆಯವರು ಅವಳಿಗಿಟ್ಟ ಹೆಸರು ಫಿನಾಯಿಲ್.

"ತಲೆ ಬಗ್ಗಿಸ್ಕೊಂಡು ಗುಡ್ಸು, ತಲೆ ಎತ್ಕೊಂಡು ಓದು," ಎನ್ನುತ್ತಿದ್ದಳು ಹಾಸಿಗೆ ಹಿಡಿದ ಅಮ್ಮ. ಎರಡೂ ಒಂದೇ ಹೊತ್ತಿಗೆ ಬಂದರೆ ತಲೆಯನ್ನೇನು ಮಾಡಬೇಕೆಂದು ಅಮ್ಮ ಹೇಳಿರಲಿಲ್ಲ.

ಕಟ್ಟಿಕೊಂಡಿದ್ದ ಗುಂಡಿ ಬಿಟ್ಟುಕೊಂಡಿತು. ತುಂಬಿದ ಬಕೆಟ್ ಎತ್ತಿಕೊಂಡು ಅವಳು ಹೊರಟಳು. ಅದನ್ನು ಸುರಿಯುವ ಜಾಗ ಸಭಾಂಗಣದ ಹಿಂದೆ. ಬಾಗಿಲ ಹತ್ತಿರ ಬರುವಾಗ ಒಳಗಿಂದ ಅವಳ ನಂಬರು ಕೇಳಿಸಿತು.

"ಹಾಜರ್ ಸರ್!"

ವೇದಿಕೆಯ ಮೇಲೆ ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತಿದರು. ಅವರ ಹಿಂದೆ, ವಿದ್ಯಾರ್ಥಿಗಳು ಒತ್ತಡ ನಿಭಾಯಿಸುವುದು ಹೇಗೆ ಎಂದು ಬರೆದ ಬಟ್ಟೆ ತೂಗುತ್ತಿತ್ತು. ಪಕ್ಕದಲ್ಲಿ ಇಸ್ತ್ರಿ ಮುರಿಯದ ಅತಿಥಿ.

"ಬಾಗಿಲಲ್ಲಿ ನಿಂತೋರು ಹಾಜರಲ್ಲ."

"ಇಲ್ಲೇ ಇದೀನಲ್ಲ ಸರ್. ದಿನಾ ನಿಮ್ಮ ಕ್ಲಾಸಿನ ಕಿಟಕಿ ಹೊರಗೇ ಗುಡಿಸ್ತಿರ್ತೀನಿ. ನೀವೂ ನೋಡಿದೀರಿ."

"ಕಿಟಕೀಲಿ ಕಾಗೆನೂ ಕೂರತ್ತೆ. ಅದಕ್ಕೂ ಹಾಜರಿ ಹಾಕ್ಲಾ?"

ಸಭೆ ನಕ್ಕಿತು. "ಕಾಗೆ ಸ್ನಾನನಾದ್ರೂ ಮಾಡತ್ತೆ ಸರ್," ಎಂದು ಹಿಂದಿನ ಸಾಲಿಂದ ಯಾರೋ ಕೂಗಿದರು. ನಗು ಇನ್ನೊಂದು ಸುತ್ತು ಹೋಗಿ ಬಂತು.

ಅತಿಥಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅವರ ದನಿಯಲ್ಲಿ ಜೇನಿತ್ತು. "ನೋಡಮ್ಮಾ, ಇದೆಲ್ಲ ಸಮಯ ಹೊಂದಿಸ್ಕೊಳ್ಳದೆ ಆಗೋದು. ಕೆಲಸದ ಹೊತ್ತಲ್ಲಿ ಕೆಲಸ, ಓದೋ ಹೊತ್ತಲ್ಲಿ ಓದು. ಇಷ್ಟು ಮಾಡಿದ್ರೆ ಒತ್ತಡ ಎಲ್ಲಿರತ್ತೆ, ಹೇಳು?"

ಚಪ್ಪಾಳೆ ಬಿತ್ತು.

ಬಕೆಟ್ಟಿನ ಹಿಡಿ ಅವಳ ಬೆರಳನ್ನು ಕೊಯ್ಯುತ್ತಿತ್ತು.

"ಸರಿಯಾಗಿ ಹೇಳಿದ್ರಿ ಸರ್," ಎಂದಳು. "ಇದು ಓದೋ ಹೊತ್ತು."

ಒಳಗೆ ಬಂದಳು, ಬಕೆಟ್ಟಿನ ಸಮೇತ. ನಡುವಿನ ದಾರಿಯುದ್ದಕ್ಕೂ ಎರಡೂ ಕಡೆಯ ಮೊಣಕಾಲುಗಳು ಒಳಗೆ ಸರಿದವು. ವೇದಿಕೆಗೂ ಮೊದಲ ಸಾಲಿಗೂ ನಡುವೆ ಅದನ್ನಿಟ್ಟು, ಮುಂದಿನ ಬೆಂಚಿನಲ್ಲಿ ಕೂತಳು. ಆ ಬೆಂಚಿನವರು ಕೆಂಡ ಮೆಟ್ಟಿದಂತೆ ಎದ್ದರು.

"ಹಾಜರ್ ಸರ್."

"ಥೂ! ಏನೇ ಇದು? ಹೊರಗೆ ತಗೊಂಡ್ಹೋಗೇ!"

"ಮೊದ್ಲು ಬರ್ಕೊಳ್ಳಿ."

ಮೇಷ್ಟ್ರು ಎಡಗೈಯಲ್ಲಿ ಮೂಗು ಹಿಡಿದು ಬಲಗೈಯಲ್ಲಿ ಬರೆದರು. ಪುಸ್ತಕವನ್ನು ಅವಳತ್ತ ತಿರುಗಿಸಿ ತೋರಿಸಿದರು. "ಆಯ್ತಲ್ಲ? ಹಾಕಿದೀನಲ್ಲ? ಈಗ ಎತ್ತು."

"ಹಾಜರಿ ಹಾಕಿಸ್ಕೊಂಡು ಎದ್ದು ಹೋಗ್ಬಾರ್ದು ಅಂತ ನೀವೇ ಅಲ್ವಾ ಸರ್ ಹೇಳೋದು? ಬೆಲ್ ಆಗ್ಲಿ, ಎತ್ತೀನಿ."

ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದ. "ಎದ್ದೇಳೇ, ಹಾದರಗಿತ್ತಿ! ನಾಳೆಯಿಂದ ನಿನಗೆ ಕೆಲ್ಸನೂ ಇಲ್ಲ, ಓದೂ ಇಲ್ಲ!"

"ನಾಳೆ ಮಾತು ನಾಳೆ ಆಡಣ. ಇವತ್ತು ಅವಸರ ಇದ್ರೆ, ಹಿಡಿ ಅಲ್ಲೇ ಇದೆ ಮೇಸ್ತ್ರಿ. ಎತ್ಕೊಂಡ್ಹೋಗಿ."

ಮೇಸ್ತ್ರಿ ಬಗ್ಗಿದ. ಅವನ ಕೈ ಬಕೆಟ್ಟಿನ ಹಿಡಿಗೆ ಗೇಣು ದೂರದವರೆಗೆ ಹೋಗಿ ನಿಂತಿತು, ವಾಪಸ್ಸು ಬಂದು ಕರವಸ್ತ್ರ ಹುಡುಕಿತು. ಅವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಹುಡುಗರನ್ನು ನೋಡಿದರು. ಹುಡುಗರು ತಮ್ಮ ತಮ್ಮ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ಅತಿಥಿ ಮೈಕಿನ ಮುಂದೆ ಬಂದು ಬಾಯಿ ತೆರೆದರು. ಮಾತಾಡಲು ಉಸಿರೆಳೆದುಕೊಳ್ಳಬೇಕಿತ್ತು. ಬಾಯಿ ಮುಚ್ಚಿದರು.

"ಹೇಳಿ ಸರ್," ಎಂದಳು ಅವಳು, ಒಣಗುತ್ತಿದ್ದ ಕೈಗಳನ್ನು ಬೆಂಚಿನ ಮೇಲೆ ಅಗಲಿಸಿಟ್ಟು. "ಕೇಳ್ತಾ ಇದೀನಿ."

ತಲೆ ಎತ್ತಿಯೇ ಇತ್ತು. ಬೆಲ್ಲಿಗೆ ಇನ್ನೂ ಬಹಳ ಹೊತ್ತಿತ್ತು.